ಬಂಡೆಹೊಳೆಯ ಬಿಳಿಮೀನೂ ಗಾಳದ ಮೀನುಗಾರಿಕೆಯೂ

ಬೇಸಾಯಗಾರನ ಆಸ್ತಿಯೆಂದರೆ ಹೊಲ, ತೋಟ, ಬಾವಿ, ದನಕರು ಇಷ್ಟೇ ಎಂದು ಸಾಮಾನ್ಯವಾಗಿ ಎಣಿಸುವುದುಂಟು. ಊರ ಪಕ್ಕದಲ್ಲಿ ಹರಿಯುವ ಹೊಳೆಯೂ ಒಂದು ಹೊಲವೆಂಬುದೂ, ಅದಕ್ಕೂ ಬಿತ್ತನೆಯ ಕಾಲ, ಬೆಳೆಯುವ ಕಾಲ, ಕೊಯಿಲಿನ ಕಾಲಗಳು ಇರುವುವೆಂಬುದೂ ಎಷ್ಟೋ ಗ್ರಾಮಗಳಲ್ಲಿ ಯಾರ ಗಮನಕ್ಕೂ ಬಂದಿರುವುದಿಲ್ಲ. ಬೀಜದ ಜೋಳವನ್ನು ಕುಟ್ಟಿ ಉಂಡವನು ಮರುವರ್ಷ ಏನು ಬಿತ್ತುವನೆಂದು ಕೇಳಿದರೆ ಮಕ್ಕಳೂ ನಗುವರು. ಆದರೆ ಬೇಸಗೆಯಲ್ಲಿ ಹೊಳೆ ಬತ್ತಿ ಮಡುವೊಂದರಲ್ಲಿ ಉಳಿದ ಬೀಜದ ಮೀನನ್ನು ಸಿಡಿಮದ್ದಿನಿಂದಲೋ ವಿಷದಿಂದಲೋ ಒಂದೇ ಗಳಿಗೆಯಲ್ಲಿ ಕೊಂದು ಹಾಕಿದರೆ ಅದನ್ನು ತಪ್ಪೆಂದು ಹೇಳುವವರು ವಿರಳ.

ಈ ವಿಷಯವನ್ನು ಬೀದರ ಜಿಲ್ಲೆಯ ಭಾಲ್ಕಿ, ಔರಾದ ತಾಲ್ಲೂಕುಗಳ ಮಾಂಜ್ರಾ ತೀರದ ಗ್ರಾಮಗಳ ಮುಖಂಡರೂ, ಮೆಹಕರದ ಸುತ್ತಣ ಜಮೀನುದಾರರೂ ವಿಚಾರಮಾಡಬೇಕೆಂಬುದೇ ಈ ಲೇಖನದ ಉದ್ದೇಶ. ಇದಕ್ಕೆ ತಕ್ಕ ದೃಷ್ಟಾಂತವು ನಮ್ಮ ರಾಜ್ಯದ ದಕ್ಷಿಣ ಭಾಗದಲ್ಲಿ, ಕಾವೇರಿಯು ಬಂಡೆಗಳ ನಡುವೆ ನೊರೆಗರೆದು ಇಳಿಯುವ ಕಣಿವೆಯಲ್ಲಿದೆ. ಅಲ್ಲಿ ಗಾಳದಿಂದ ಬಿಳಿಮೀನನ್ನು ಹಿಡಿಯುವ ವಿದ್ಯೆಯು ನೂರಾರು ವರ್ಷಗಳಿಂದ ನಡೆದುಬಂದಿದ್ದು, ಅದರಿಂದ ದೊರೆತ ಲೆಕ್ಕವು ಹೊಳೆಯ ಬೀಜದ ವಿಚಾರವಾಗಿ ಬೇರೆಲ್ಲಿಯೂ ದೊರೆಯದಂತಹ ಪಾಠವನ್ನು ಹೇಳುತ್ತದೆ. ಆದಕಾರಣ ಮೊದಲು ಆ ಹೊಳೆಯನ್ನೂ ಆ ಮೀನನ್ನೂ ವಿವರಿಸಿ, ಅನಂತರ ನಮ್ಮ ಮಾಂಜ್ರೆಯ ಸಂಗತಿಗೆ ಬರುವೆವು.

ಹೊಳೆಯ ಸ್ವರೂಪ

ಕಾವೇರಿಯು ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕಿದ ಮೇಲೆ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆಗಳನ್ನು ಹಾದು, ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು, ಮೇಕೆದಾಟಿನ ಇಕ್ಕಟ್ಟಾದ ಬಂಡೆಯ ಸೀಳಿನೊಳಗೆ ನುಗ್ಗುತ್ತದೆ. ಈ ಹಾದಿಯಲ್ಲಿ ಹೊಳೆಯು ಒಂದೇ ಸಮನಾಗಿ ಹರಿಯುವುದಿಲ್ಲ. ಬಂಡೆಗಳ ಮೇಲೆ ತೆಳ್ಳಗೆ ಹಾರಿ ನೊರೆಯಾಗುವ ಇಳಿಜಾರು, ಅದರ ಕೆಳಗೆ ಆಳವಾದ ಮಡು, ಮಡುವಿನ ಬಾಲದಲ್ಲಿ ನೊರಜುಗಲ್ಲಿನ ಹಾಸು, ಮತ್ತೆ ಇಳಿಜಾರು, ಹೀಗೆ ಸರಪಣಿಯ ಕೊಂಡಿಗಳಂತೆ ಒಂದರ ಹಿಂದೊಂದು ಬರುವುವು.

ಈ ಮೂರು ಅಂಗಗಳಿಗೂ ಬೇರೆ ಬೇರೆ ಪ್ರಯೋಜನಗಳಿವೆ. ನೀರು ಬಂಡೆಗೆ ಬಡಿದು ನೊರೆಯಾಗುವಾಗ ಅದರೊಡನೆ ಗಾಳಿ ಬೆರೆಯುವುದರಿಂದ ಮೀನಿಗೆ ಬೇಕಾದ ಪ್ರಾಣವಾಯು ಯಥೇಷ್ಟವಾಗಿ ದೊರೆಯುವುದು. ನೊರಜುಗಲ್ಲಿನ ಸಂದುಗಳಲ್ಲಿ ಹುಳುಗಳೂ, ಏಡಿಗಳೂ, ಬಸವನ ಹುಳುಗಳೂ ಬೆಳೆದು ಆಹಾರವಾಗುವುವು. ಮೊಟ್ಟೆಗಳಿಗೆ ಅದೇ ತೊಟ್ಟಿಲು. ಮಡುವಾದರೋ ಬೇಸಗೆಯಲ್ಲಿ ಹೊಳೆ ಇಳಿದಾಗ ದೊಡ್ಡ ಮೀನುಗಳಿಗೆಲ್ಲ ಆಶ್ರಯ. ಅದು ಹೊಳೆಯ ಬೀಜದ ಕಣಜವೆಂದೇ ತಿಳಿಯಬೇಕು. ಇವುಗಳಲ್ಲಿ ಯಾವುದೊಂದು ಕೆಟ್ಟರೂ ಉಳಿದೆರಡರಿಂದ ಪ್ರಯೋಜನವಿಲ್ಲ.

ಬಿಳಿಮೀನು

ಈ ಹೊಳೆಯ ಅರಸನೆಂದು ಹೇಳಬಹುದಾದ ಮೀನಿಗೆ ಕನ್ನಡದಲ್ಲಿ ಬಿಳಿಮೀನೆಂದೂ, ಹಿಂದೂಸ್ತಾನಿಯಲ್ಲಿ ಮಹಸೀರ್ ಎಂದೂ ಹೆಸರು. ಅದು ಗೆಂಡೆಮೀನಿನ ಕುಲಕ್ಕೆ ಸೇರಿದ್ದು. ಹುರುಪೆಗಳು ಬಹಳ ದೊಡ್ಡವು. ಬಾಯಿಯ ಬಳಿ ಎರಡು ಜೊತೆ ಮೀಸೆಗಳಿವೆ. ಬಾಯಲ್ಲಿ ಹಲ್ಲಿಲ್ಲದಿದ್ದರೂ ಗಂಟಲಿನೊಳಗೆ ಬಲವಾದ ಹಲ್ಲುಗಳಿದ್ದು, ಏಡಿಯ ಚಿಪ್ಪನ್ನೂ ಬಸವನ ಹುಳುವಿನ ಕವಚವನ್ನೂ ಅವು ಪುಡಿಮಾಡುವುವು. ದಡದ ಅತ್ತಿ, ನೇರಳೆ ಮೊದಲಾದ ಮರಗಳಿಂದ ನೀರಿಗೆ ಬಿದ್ದ ಹಣ್ಣು, ಪಾಚಿ, ಚಿಕ್ಕ ಮೀನು, ಹುಳು ಇವೆಲ್ಲವೂ ಅದಕ್ಕೆ ಆಹಾರ. ದಡದ ಮರವನ್ನು ಕಡಿದರೆ ಮೀನಿನ ಉಗ್ರಾಣವನ್ನೂ ಕಡಿದಂತಾಗುವುದೆಂಬುದು ಇದರಿಂದ ವೇದ್ಯವಾಗುತ್ತದೆ.

ದಕ್ಷಿಣದ ಹೊಳೆಗಳಲ್ಲಿರುವ ಬಿಳಿಮೀನುಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. ಒಂದು ನೀಲಿ ಈಜುರೆಕ್ಕೆಯ ಬಿಳಿಮೀನು. ಇದಕ್ಕೆ ಕರ್ನಲ್ ಸೈಕ್ಸ್ ಎಂಬವರು ೧೮೩೯ರಲ್ಲಿ ಪುಣೆಯ ಪೂರ್ವಕ್ಕಿರುವ ಹೊಳೆಯ ಮೀನನ್ನು ನೋಡಿ ‘ಖುದ್ರೀ’ ಎಂಬ ಹೆಸರನ್ನು ಶಾಸ್ತ್ರದಲ್ಲಿ ದಾಖಲುಮಾಡಿದರು. ಇನ್ನೊಂದು ಕಾವೇರಿಯ ಜಲಾನಯನ ಪ್ರದೇಶಕ್ಕೆ ಮಾತ್ರ ಸೇರಿದ ಗೂನುಬೆನ್ನಿನ ಬಿಳಿಮೀನು. ಇದೇ ಅತ್ಯಂತ ಭಾರಿಯಾಗಿ ಬೆಳೆಯುವಂಥದು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ೧೯೪೬ರಲ್ಲಿ ಕಬಿನಿ ಹೊಳೆಯಲ್ಲಿ ಗಾಳಕ್ಕೆ ಹಿಡಿದ ಮೀನು ೧೨೦ ಪೌಂಡು, ಅಂದರೆ ಸುಮಾರು ೫೪ ಕಿಲೋಗ್ರಾಂ ತೂಗಿತು. ಒಬ್ಬ ಆಳಿನಷ್ಟು ತೂಕದ ಸಿಹಿನೀರಿನ ಮೀನೆಂದರೆ ಸಾಮಾನ್ಯ ಸಂಗತಿಯಲ್ಲ.

ಇಷ್ಟು ಪ್ರಸಿದ್ಧವಾದ ಈ ಮೀನಿಗೆ ಶಾಸ್ತ್ರದಲ್ಲಿ ಸರಿಯಾದ ಹೆಸರು ಬಹುಕಾಲ ಇರಲಿಲ್ಲವೆಂಬುದು ಆಶ್ಚರ್ಯಕರ. ಕಾವೇರಿಗೆ ನೀರು ಕೊಡುವ ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ನೋಡಿ ೨೦೦೭ರಲ್ಲಿ ಕೊಟ್ಟಿದ್ದ ‘ಟಾರ್ ರೆಮಾದೇವಿ’ ಎಂಬ ಹೆಸರು ಈ ಗೂನುಬೆನ್ನಿನ ಮೀನಿಗೇ ಸಲ್ಲುವುದೆಂದು ೨೦೧೮ರಲ್ಲಿ ನಿಶ್ಚಯವಾಯಿತು. ಅದೇ ವರ್ಷ ಜಗತ್ತಿನ ಪ್ರಕೃತಿ ಸಂರಕ್ಷಣಾ ಸಂಘದ ಪಟ್ಟಿಯಲ್ಲಿ ಅದು ತೀರ ಅಳಿವಿನ ಅಂಚಿಗೆ ಬಂದ ಜೀವಿಗಳ ಸಾಲಿಗೆ ಸೇರಿತು. ಹೆಸರು ಸಿಕ್ಕುವ ಹೊತ್ತಿಗೆ ಮೀನೇ ಕಾಣದಾಗುವ ಸ್ಥಿತಿ ಒದಗಿತೆಂದು ಹೇಳಬಹುದು.

ಸಂತಾನದ ಕ್ರಮ

ಬಿಳಿಮೀನು ಮುಂಗಾರಿನ ಪ್ರವಾಹ ಬಂದಾಗ ಹೊಳೆಯ ಮೇಲ್ಭಾಗಕ್ಕೆ ಏರಿ, ಹರಿಯುವ ತಿಳಿನೀರಿನ ನೊರಜುಗಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಕಾಟ್ಲಾ, ರೋಹು ಮೀನುಗಳು ಮೈತೂಕದ ಒಂದೊಂದು ಕಿಲೋಗ್ರಾಮಿಗೆ ಲಕ್ಷಕ್ಕೂ ಮೇಲ್ಪಟ್ಟು ಮೊಟ್ಟೆಗಳನ್ನು ಇಟ್ಟರೆ, ಬಿಳಿಮೀನು ಕೆಲವೇ ಸಾವಿರಗಳನ್ನು ಇಡುವುದು. ಮೊಟ್ಟೆಯೊಡೆದು ಮರಿಯಾಗುವುದಕ್ಕೆ ರೋಹುವಿಗೆ ಒಂದು ಹಗಲು ರಾತ್ರಿಯೊಳಗಿನ ಕಾಲ ಸಾಕಾದರೆ, ಬಿಳಿಮೀನಿಗೆ ಮೂರು ನಾಲ್ಕು ದಿವಸಗಳು ಬೇಕು. ಮೊಟ್ಟೆಯೊಡೆದ ಮೇಲೂ ಮರಿಯು ಹಲವು ದಿವಸ ಕಲ್ಲಿನ ಸಂದಿಯಲ್ಲೇ ನಿಸ್ಸಹಾಯವಾಗಿ ಬಿದ್ದಿರುವುದು. ಕಡಮೆ ಮೊಟ್ಟೆ, ನಿಧಾನವಾದ ಬೆಳವಣಿಗೆ, ಮೇಲೇರುವ ಹಾದಿ ಮುಚ್ಚಿದರೆ ಸಂತಾನವೇ ಇಲ್ಲದಿರುವಿಕೆ, ಈ ಮೂರು ಕಾರಣಗಳಿಂದ ಈ ಮೀನು ಒಮ್ಮೆ ಕ್ಷೀಣಿಸಿದರೆ ಬೇಗ ಚೇತರಿಸಿಕೊಳ್ಳುವುದಿಲ್ಲ.

ಉತ್ತರ ಅಮೆರಿಕದ ಬಂಡೆಹೊಳೆಗಳಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಒಂದು ಮೀನಿದೆ. ಅದು ನಮ್ಮ ಬಿಳಿಮೀನಿನಂತೆಯೇ ನೊರೆನೀರಿನ ಅಂಚಿನಲ್ಲಿದ್ದು, ಗಾಳಕ್ಕೆ ಸಿಕ್ಕಾಗ ಮಹಾ ಹೋರಾಟ ಮಾಡುವುದರಿಂದ ಅಲ್ಲಿಯ ಗಾಳಗಾರರಿಗೆ ಬಹಳ ಪ್ರಿಯವಾದುದು. ಗಾತ್ರದಲ್ಲಿ ಮಾತ್ರ ಚಿಕ್ಕದು, ಅತಿ ದೊಡ್ಡದೂ ಹನ್ನೆರಡು ಪೌಂಡಿನ ಆಸುಪಾಸು. ಅದರ ಗಂಡು ಕಲ್ಲುಹರಳಿನಲ್ಲಿ ಗೂಡು ಮಾಡಿ, ಮೊಟ್ಟೆಗಳನ್ನೂ ಮರಿಗಳನ್ನೂ ಸ್ವತಃ ಕಾಯುವುದು. ಆದುದರಿಂದ ಅಲ್ಲಿಯ ಅನೇಕ ಸಂಸ್ಥಾನಗಳಲ್ಲಿ ಗೂಡಿನ ಕಾಲಕ್ಕೆ ಬೇರೆ ನಿಯಮಗಳಿದ್ದು, ಹಿಡಿದ ಮೀನನ್ನು ಜೀವಂತವಾಗಿ ನೀರಿಗೆ ಬಿಡುವ ಪದ್ಧತಿ ವ್ಯಾಪಕವಾಗಿದೆ. ನಮ್ಮ ಬಿಳಿಮೀನಾದರೋ ಮೊಟ್ಟೆಯಿಟ್ಟು ಹೊರಟುಹೋಗುವುದು. ಅದರ ಮರಿಗೆ ತಂದೆಯ ಕಾವಲಿಲ್ಲ. ಆ ಕಾವಲನ್ನು ದಡದ ಮನುಷ್ಯನೇ ವಹಿಸಬೇಕಾಗಿದೆ.

ಗಾಳದ ವಿಧಾನ

ನೀರು ಇಳಿದು ತಿಳಿಯಾಗಿರುವ ಚಳಿಗಾಲದ ಕೊನೆ ಮತ್ತು ಬೇಸಗೆಯ ಮೊದಲ ಭಾಗವೇ ಈ ಮೀನುಗಾರಿಕೆಗೆ ತಕ್ಕ ಕಾಲ. ಬಲವಾದ ಕೋಲು, ನೂರಾರು ಗಜ ದಾರ ಹಿಡಿಸುವ ಉರುಳೆ, ಗಟ್ಟಿಯಾದ ಕೊಕ್ಕೆ ಇವು ಮುಖ್ಯ ಸಲಕರಣೆಗಳು. ಕಾವೇರಿಯ ಗಾಳಗಾರರು ರಾಗಿಹಿಟ್ಟನ್ನು ಕಲಸಿ, ಬೇಯಿಸಿ, ನಿಂಬೆಹಣ್ಣಿನ ಗಾತ್ರದಿಂದ ಕಿತ್ತಳೆಯ ಗಾತ್ರದವರೆಗೆ ಉಂಡೆಮಾಡಿ ಕೊಕ್ಕೆಗೆ ಹಿಡಿಸುವರು. ಏಡಿಯನ್ನೂ, ಚಿಕ್ಕ ಮೀನನ್ನೂ, ಹೊಳೆಯುವ ಲೋಹದ ಚಮಚದಂತಹ ಹುಸಿ ಎರೆಯನ್ನೂ ಉಪಯೋಗಿಸುವುದುಂಟು.

ಎಲ್ಲಿ ಎಸೆಯಬೇಕೆಂಬುದೇ ಈ ವಿದ್ಯೆಯ ಮರ್ಮ. ಮೀನು ಸದಾ ಸೆಳವಿಗೆ ಎದುರಾಗಿ ಮುಖಮಾಡಿ ನಿಲ್ಲುವುದು. ಆದರೆ ನಡುಸೆಳವಿನಲ್ಲಿ ನಿಂತು ಬಲವನ್ನು ವ್ಯರ್ಥಮಾಡುವುದಿಲ್ಲ. ಬಂಡೆಯ ಮರೆಯಲ್ಲಿ ನೀರು ಮಂದವಾಗಿರುವ ಜಾಗ, ವೇಗದ ನೀರಿಗೂ ಮಂದನೀರಿಗೂ ನಡುವಣ ಗೆರೆ, ಇಳಿಜಾರು ಮಡುವಿಗೆ ಬೀಳುವ ತಲೆ, ಮಡು ಮುಗಿಯುವ ಬಾಲ, ಇವೇ ಅದರ ನೆಲೆಗಳು. ಸೆಳವು ತಂದ ಆಹಾರವನ್ನು ಮರೆಯಲ್ಲಿ ನಿಂತು ಹಾರಿ ಹಿಡಿದು ಪುನಃ ಮರೆಗೆ ಬರುವುದು ಅದರ ಅಭ್ಯಾಸ. ಇದನ್ನರಿತವನು ಎರೆಯನ್ನು ಮೇಲಿನಿಂದ ಬಿಟ್ಟು, ಸೆಳವೇ ಅದನ್ನು ಬಂಡೆಯ ಬದಿಗೆ ಒಯ್ಯುವಂತೆ ಮಾಡುವನು.

ಮೀನು ಎರೆಯನ್ನು ಕಚ್ಚಿದೊಡನೆ ಕೆಳಸೆಳವಿಗೆ ಒಂದೇ ಓಟ ಓಡುವುದು. ಆಗ ಎಳೆದರೆ ದಾರ ಬಂಡೆಗೆ ಉಜ್ಜಿ ಹರಿಯುವುದು. ಸಡಿಲ ಬಿಟ್ಟರೆ ಕೊಕ್ಕೆ ಕಳಚುವುದು. ಆದುದರಿಂದ ಬಿಗಿಯನ್ನು ಹದವಾಗಿ ಇಟ್ಟುಕೊಂಡು, ಬೇಕಾದರೆ ಹರಿಗೋಲಿನಲ್ಲಿ ಅದರ ಹಿಂದೆಯೇ ಹೋಗಿ, ದಣಿದ ಮೇಲೆ ದಡಕ್ಕೆ ತರುವರು. ನಮ್ಮ ನಾಡಿನ ಈ ವಿದ್ಯೆಯನ್ನು ಕುರಿತು ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬವರು ೧೮೭೩ರಲ್ಲಿಯೇ ‘ದಿ ರಾಡ್ ಇನ್ ಇಂಡಿಯಾ’ ಎಂಬ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಹೊಳೆಯ ಮೀನನ್ನು ಕಾಪಾಡಬೇಕೆಂದು ಅಂದಿನ ಸರ್ಕಾರವನ್ನು ಒತ್ತಾಯಪಡಿಸಿದವರಲ್ಲಿ ಅವರೂ ಒಬ್ಬರು.

ಹಿಡಿದ ಮೀನನ್ನು ಬಿಡುವುದಾದರೆ ಅದಕ್ಕೂ ಕ್ರಮವಿದೆ. ಕೈಯನ್ನು ಒದ್ದೆಮಾಡಿಕೊಂಡೇ ಮೀನನ್ನು ಮುಟ್ಟಬೇಕು. ಒಣಕೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ರೋಗ ತಗಲುವುದು. ಕಿವಿರಿಗೆ ಬೆರಳು ತೂರಿಸಿ ನೇತಾಡಿಸತಕ್ಕದ್ದಲ್ಲ. ಮುಳ್ಳಿಲ್ಲದ ಕೊಕ್ಕೆಯಾದರೆ ಗಾಯವಿಲ್ಲದೆ ಕಳಚುವುದು. ಮೀನಿನ ಮುಖವನ್ನು ಸೆಳವಿಗೆ ಎದುರಾಗಿ ಹಿಡಿದುಕೊಂಡು, ಅದು ತಾನಾಗಿ ಬಾಲ ಬೀಸಿ ಹೋಗುವವರೆಗೆ ಕಾದಿರಬೇಕು. ಬೇಸಗೆಯ ಬಿಸಿನೀರಿನಲ್ಲಿ ಪ್ರಾಣವಾಯು ಕಡಮೆಯಾದುದರಿಂದ ಬಹಳ ಹೊತ್ತು ಆಡಿಸಿದ ಮೀನು ಬಿಟ್ಟರೂ ಸಾಯುವುದುಂಟು. ತೆಳುದಾರದ ಚಪಲಕ್ಕಿಂತ ಗಟ್ಟಿದಾರದಿಂದ ಬೇಗ ದಡಕ್ಕೆ ತರುವುದು ಲೇಸು.

ಗಾಳಗಾರರ ಲೆಕ್ಕದ ಪುಸ್ತಕ

೧೯೭೨ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ವನ್ಯಜೀವಿ ಸಂಘದವರು ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಏರ್ಪಡಿಸಿದರು. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯವರ ಶಿಬಿರಗಳೂ ನಡೆದುವು. ದೇಶವಿದೇಶಗಳ ಗಾಳಗಾರರು ಅಲ್ಲಿಗೆ ಬಂದು, ಹಣ ಕೊಟ್ಟು, ಮೀನನ್ನು ಹಿಡಿದು, ತೂಗಿ, ಹೊಳೆಗೇ ಬಿಟ್ಟು ಹೋಗುತ್ತಿದ್ದರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಸುತ್ತಣ ಹಳ್ಳಿಗಳ ಜನರಲ್ಲಿ ಹಲವರಿಗೆ ಹರಿಗೋಲು ನಡೆಸುವ, ದಾರಿ ತೋರಿಸುವ, ಕಾವಲು ಕಾಯುವ ಕೆಲಸ ದೊರೆಯಿತು. ಸತ್ತ ಮೀನು ಒಮ್ಮೆ ಮಾತ್ರ ಮಾರಾಟವಾಗುವುದು. ಬದುಕಿರುವ ಮೀನು ವರ್ಷ ವರ್ಷವೂ ಕೂಲಿ ಕೊಡುವುದೆಂಬುದನ್ನು ಅವರು ಪ್ರತ್ಯಕ್ಷವಾಗಿ ಕಂಡರು.

ಇದಕ್ಕಿಂತಲೂ ಮುಖ್ಯವಾದುದು ಗಾಳಿಬೋರೆಯ ಲೆಕ್ಕದ ಪುಸ್ತಕ. ೧೯೯೮ರಿಂದ ೨೦೧೨ರವರೆಗೆ ಎಷ್ಟು ಗಂಟೆಗಳ ಕಾಲ ಗಾಳ ಹಾಕಿದರು, ಯಾವ ಬಗೆಯ ಮೀನು ಎಷ್ಟು ಸಿಕ್ಕಿತು, ತೂಕವೆಷ್ಟು ಎಂಬುದನ್ನು ಅಲ್ಲಿ ಬರೆದಿಟ್ಟಿದ್ದರು. ೨೩,೬೨೦ ಗಂಟೆಗಳ ಪ್ರಯತ್ನಕ್ಕೆ ೬,೧೬೧ ಬಿಳಿಮೀನುಗಳು ಸಿಕ್ಕಿದ್ದುವು. ಅತಿ ಚಿಕ್ಕದು ಅರ್ಧ ಕಿಲೋಗ್ರಾಮಿಗಿಂತ ಕಡಮೆ, ಅತಿ ದೊಡ್ಡದು ೪೬.೮ ಕಿಲೋಗ್ರಾಂ. ಶಾಸ್ತ್ರಜ್ಞರು ಈ ಲೆಕ್ಕವನ್ನು ವಿಂಗಡಿಸಿ ೨೦೧೫ರಲ್ಲಿ ಪ್ರಕಟಿಸಿದಾಗ ತಿಳಿದುಬಂದ ಸಂಗತಿಯನ್ನು ಪ್ರತಿಯೊಬ್ಬ ಬೇಸಾಯಗಾರನೂ ಮನಸ್ಸಿಟ್ಟು ಕೇಳತಕ್ಕದ್ದು.

ಒಟ್ಟು ಮೀನಿನ ಸಂಖ್ಯೆಯನ್ನು ನೋಡಿದರೆ ಹೊಳೆ ಸುಭಿಕ್ಷವಾಗಿತ್ತು. ಗಂಟೆಗೆ ಸಿಕ್ಕುವ ಮೀನು ಹೆಚ್ಚುತ್ತಲೇ ಇತ್ತು. ಆದರೆ ಹೆಚ್ಚಿದ್ದು ನೀಲಿ ಈಜುರೆಕ್ಕೆಯದು ಮಾತ್ರ. ಕಾವೇರಿಯ ಸ್ವಂತದ ಗೂನುಬೆನ್ನಿನ ಮೀನು ವರ್ಷ ವರ್ಷಕ್ಕೂ ಕಡಮೆಯಾಗುತ್ತ ಬಂದಿತು. ಅಲ್ಲದೆ ಹೀಗೆ ಕಡಮೆಯಾಗುತ್ತಿದ್ದಾಗಲೇ ಅದರ ಸರಾಸರಿ ತೂಕ ಏರುತ್ತ ಹೋಯಿತು. ಅಜ್ಞನು ಇದನ್ನು ನೋಡಿ, ಮೀನು ದಪ್ಪವಾಗುತ್ತಿದೆ, ಒಳ್ಳೆಯದೇ ಆಯಿತೆಂದು ಸಂತೋಷಪಡುವನು. ಊರ ಹಟ್ಟಿಯಲ್ಲಿ ಮುದಿ ಹಸುಗಳೇ ಉಳಿದು ಕರುಗಳೊಂದೂ ಕಾಣದಿದ್ದರೆ ದನಗಳ ಸರಾಸರಿ ತೂಕ ಏರುವುದಷ್ಟೆ. ಆ ಊರಿನ ದನಕರುಗಳ ಗತಿಯೇನೆಂಬುದನ್ನು ವಾಚಕರೇ ಊಹಿಸಬಹುದು. ಹೊಳೆಯಲ್ಲಿ ಮರಿಗಳು ಬರುವುದು ನಿಂತುಹೋಗಿ, ಮುದಿಮೀನುಗಳೊಂದೊಂದೇ ಕಳೆದುಹೋಗುತ್ತಿದ್ದುವು.

ಹೊರಗಿನ ಬೀಜದ ವಿಷಯ

ನೀಲಿ ಈಜುರೆಕ್ಕೆಯ ಮೀನು ಹೆಚ್ಚಿದುದು ತಾನಾಗಿಯೇ ಅಲ್ಲ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ೧೯೭೦ರ ದಶಕದಿಂದ ಈ ಮೀನನ್ನು ಕೃತಕವಾಗಿ ಮರಿಮಾಡಿಸಿ, ಅಳಿಯುತ್ತಿರುವ ಮೀನನ್ನು ಉಳಿಸಬೇಕೆಂಬ ಸದುದ್ದೇಶದಿಂದ ದೇಶದ ಅನೇಕ ಹೊಳೆಗಳಿಗೆ ಹಂಚಿದರು. ಕಾವೇರಿಗೂ ಆ ಮರಿಗಳು ಬಂದುವು. ಆ ಕಾಲದಲ್ಲಿ ಬಿಳಿಮೀನೆಲ್ಲ ಒಂದೇ ಎಂಬ ಭಾವನೆಯಿತ್ತು. ಗೂನುಬೆನ್ನಿನದು ಬೇರೆ ಜಾತಿಯೆಂಬ ನಿಶ್ಚಯ ಆಗಿರಲಿಲ್ಲ. ಹೊಸ ಮೀನು ಚೆನ್ನಾಗಿ ಹೊಂದಿಕೊಂಡು ಹೆಚ್ಚಿತು. ಹಳೆಯ ಮೀನಿನ ಅವನತಿಗೆ ಇದೊಂದೇ ಕಾರಣವೆನ್ನಲಾಗದು. ೧೯೩೪ರಲ್ಲಿ ಮುಗಿದ ಮೆಟ್ಟೂರಿನದೂ ಸೇರಿದಂತೆ ಅಣೆಕಟ್ಟುಗಳು ಹೊಳೆಯನ್ನು ತುಂಡುಮಾಡಿವೆ. ಮರಳನ್ನು ತೋಡುವುದು, ಸಿಡಿಮದ್ದು, ವಿಷ ಇವೂ ಸೇರಿವೆ.

ಊರಿನ ಜವಾರಿ ಬೀಜವನ್ನು ಕಳೆದುಕೊಂಡು ಹೊರಗಿನ ಬೀಜವನ್ನು ನೆಚ್ಚಿದ ಹೊಲಗಳ ಅನುಭವವು ನಮ್ಮ ರೈತರಿಗೆ ಇದ್ದೇ ಇದೆ. ಹೊಲದಲ್ಲಾದರೆ ಮರುವರ್ಷ ಬೀಜ ಬದಲಾಯಿಸಬಹುದು. ಹೊಳೆಗೆ ಒಮ್ಮೆ ಬಿಟ್ಟ ಮೀನನ್ನು ಹಿಂದಕ್ಕೆ ತೆಗೆಯುವ ಉಪಾಯ ಯಾರಿಗೂ ಗೊತ್ತಿಲ್ಲ.

ಶಿಬಿರಗಳಿದ್ದ ಪ್ರದೇಶವು ಕಾವೇರಿ ವನ್ಯಜೀವಿ ಧಾಮದೊಳಗಿದ್ದುದರಿಂದ ಕಾಯಿದೆಗೆ ಅನುಸಾರವಾಗಿ ೨೦೧೨ರ ಸುಮಾರಿನಲ್ಲಿ ಅಲ್ಲಿಯ ಗಾಳದ ಕ್ರೀಡೆಯನ್ನು ನಿಲ್ಲಿಸಲಾಯಿತು. ಅದರೊಡನೆ ಗಾಳಗಾರರ ಕಾವಲೂ ಲೆಕ್ಕವೂ ನಿಂತುವು. ಬಿಡುವುದಕ್ಕಾಗಿ ಹಿಡಿಯುವವನು ಹೊಳೆಗೆ ಶತ್ರುವೋ ಮಿತ್ರನೋ ಎಂಬ ಚರ್ಚೆ ಶಾಸ್ತ್ರಜ್ಞರಲ್ಲಿ ನಡೆದಿದೆ. ಕಾವಲು ಹೋದರೆ ಸಿಡಿಮದ್ದಿನವರಿಗೆ ದಾರಿಯಾಗುವುದೆಂದು ಆ ಮೀನನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ಕಾವಲಿಲ್ಲದ ಹೊಳೆಯು ಬೇಲಿಯಿಲ್ಲದ ಹೊಲದಂತೆ ಎಂಬ ವಿಷಯದಲ್ಲಿ ಮಾತ್ರ ಎರಡು ಅಭಿಪ್ರಾಯಗಳಿರಲಾರವು.

ಸಿಡಿಮದ್ದು ಮತ್ತು ವಿಷ

ನೀರಿನಲ್ಲಿ ಸಿಡಿಮದ್ದು ಸಿಡಿದಾಗ ಅದರ ಆಘಾತದಿಂದ ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲ ಒಡೆದು, ರಕ್ತನಾಳಗಳು ಹರಿದು, ಅದು ಕೂಡಲೇ ಸಾಯುವುದು. ಸತ್ತ ಮೀನುಗಳಲ್ಲಿ ಬಹುಭಾಗ ತೇಲದೆ ತಳಕ್ಕೆ ಹೋಗಿ ಕೊಳೆಯುವುದರಿಂದ, ಮಡುವಿಗೆ ಹಾಕಿದವನ ಕೈಗೆ ಸಿಕ್ಕುವುದು ಕೊಂದದ್ದರಲ್ಲಿ ಸ್ವಲ್ಪ ಮಾತ್ರ. ಮೊಟ್ಟೆಯೂ, ಮರಿಯೂ, ಅವುಗಳಿಗೆ ಆಹಾರವಾದ ಹುಳುಹುಪ್ಪಟೆಯೂ ಒಟ್ಟಿಗೆ ನಾಶವಾಗುವುವು. ಹೀಗೆ ಮಾಡುವವರಲ್ಲಿ ಕೈಬೆರಳುಗಳನ್ನೂ ಕಣ್ಣುಗಳನ್ನೂ ಕಳೆದುಕೊಂಡವರು ಅನೇಕರು. ಗಾಳವು ಒಂದು ಸಲಕ್ಕೆ ಒಂದೇ ಮೀನನ್ನು ಹಿಡಿಯುವುದು, ಬೇಡವಾದುದನ್ನು ಬಿಡಲೂ ಬರುವುದು, ಸಿಡಿಮದ್ದಿಗೆ ಆಯ್ಕೆಯೆಂಬುದಿಲ್ಲ.

ವಿಷದ ಹಾನಿ ಇದಕ್ಕಿಂತ ದೂರ ಹೋಗುವುದು. ಹಿಂದೆ ಕಾರೆಕಾಯಿಯಂತಹ ಕಾಡಿನ ಕಾಯಿಗಳನ್ನು ಜಜ್ಜಿ ಹಾಕುತ್ತಿದ್ದವರು ಈಚೆಗೆ ಬ್ಲೀಚಿಂಗ್ ಪುಡಿಯನ್ನೂ, ಹೊಲದ ಕೀಟನಾಶಕಗಳನ್ನೂ ಸುರಿಯುವುದುಂಟು. ಆ ನೀರನ್ನು ದನಗಳು ಕುಡಿಯುವುವು, ಹೆಂಗಸರು ಬಟ್ಟೆ ಒಗೆಯುವರು, ಆ ಮೀನನ್ನು ಮಕ್ಕಳು ತಿನ್ನುವರು. ದಕ್ಷಿಣ ಕನ್ನಡದ ಶಿಶಿಲದಲ್ಲಿ ಶಿಶಿಲೇಶ್ವರ ದೇವಾಲಯದ ಬಳಿ ಕಪಿಲಾ ಹೊಳೆಯಲ್ಲಿ ದೇವರ ಮೀನೆಂದು ಜನರು ಅಕ್ಕಿ, ಮಂಡಕ್ಕಿ ಹಾಕಿ ಸಾಕಿದ್ದ ಬಿಳಿಮೀನುಗಳು ೧೯೯೬ರಲ್ಲಿ ವಿಷಪ್ರಯೋಗಕ್ಕೆ ಸಿಕ್ಕಿ ಸಾವಿರಾರು ಸಂಖ್ಯೆಯಲ್ಲಿ ಸತ್ತುವು. ಊರವರು ಅವುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದರು; ಕಾವಲನ್ನು ಬಿಗಿಮಾಡಿದರು; ಮೀನುಗಳು ಪುನಃ ಹೆಚ್ಚಿದುವು. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ಇಂತಹ ದೇವರ ಮಡುಗಳು ಉಳಿದಿರುವುದಕ್ಕೆ ಕಾರಣವು ಕಾಯಿದೆಗಿಂತ ಮೊದಲೇ ದಡದ ಜನರು ಮಾಡಿಕೊಂಡ ಕಟ್ಟುಪಾಡು.

ಕಾಯಿದೆಯೂ ಇಲ್ಲದಿಲ್ಲ. ೧೮೯೭ರ ಭಾರತ ಮೀನುಗಾರಿಕೆಯ ಕಾಯಿದೆಯಲ್ಲಿಯೇ ಸಿಡಿಮದ್ದನ್ನೂ ವಿಷವನ್ನೂ ಹಾಕಿ ಮೀನು ಕೊಲ್ಲುವವರಿಗೆ ಎರಡು ತಿಂಗಳವರೆಗೆ ಸೆರೆ ಅಥವಾ ಇನ್ನೂರು ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಿತ್ತು. ೧೯೯೬ರ ಕರ್ನಾಟಕ ಒಳನಾಡು ಮೀನುಗಾರಿಕೆಯ ಕಾಯಿದೆಯೂ ನಮ್ಮ ಹೊಳೆ ಕೆರೆಗಳ ಮೀನುಗಾರಿಕೆಯನ್ನು ನಿಯಂತ್ರಿಸುತ್ತದೆ. ಆದರೆ ಕಾಯಿದೆಯ ಪುಸ್ತಕವು ಕಚೇರಿಯಲ್ಲಿದೆ, ಮಡುವು ಊರ ಪಕ್ಕದಲ್ಲಿದೆ.

ಮಾಂಜ್ರೆಯ ಸಂಗತಿ

ಈಗ ನಮ್ಮ ಹೊಳೆಗೆ ಬರೋಣ. ಮಾಂಜ್ರಾ ನದಿಯು ಮಹಾರಾಷ್ಟ್ರದ ಬೀಡ ಜಿಲ್ಲೆಯ ಬಾಲಾಘಾಟ ಗುಡ್ಡಗಳಲ್ಲಿ ಹುಟ್ಟಿ, ಲಾತೂರು ಸೀಮೆಯನ್ನು ದಾಟಿ, ಬೀದರ ಜಿಲ್ಲೆಯನ್ನು ಹೊಕ್ಕು, ಕಾರಂಜಾ ಹೊಳೆಯನ್ನು ಕೂಡಿಕೊಂಡು, ತೆಲಂಗಾಣಕ್ಕೆ ಹೋಗಿ ಗೋದಾವರಿಯನ್ನು ಸೇರುವುದು. ಇದು ಕಾವೇರಿಯಂತೆ ಬಂಡೆಗಳ ಮೇಲೆ ಧುಮುಕುವ ಹೊಳೆಯಲ್ಲ. ಕರಿನೆಲದ ನಡುವೆ ಬಾಗಿ ಬಳುಕಿ ಸಾವಕಾಶವಾಗಿ ಹರಿಯುವಂಥದು. ಆದರೂ ಕಲ್ಲುಹಾಸು, ಅದರ ಕೆಳಗಿನ ಮಡು, ಮರಳಿನ ದಿಬ್ಬ ಇವು ಇಲ್ಲಿಯೂ ಉಂಟು. ಕಾಟ್ಲಾ, ರೋಹು, ಕೊರವ, ಬಾಳೆ ಮೊದಲಾದ ಮೀನುಗಳಿಗೆ ಬೇಸಗೆಯಲ್ಲಿ ಆ ಮಡುಗಳೇ ಗತಿ.

ಬೇಸಗೆಯು ಇಲ್ಲಿ ಎಷ್ಟು ಕಠಿನವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಮಾಂಜ್ರೆಯ ನೀರನ್ನೇ ನೆಚ್ಚಿದ್ದ ಲಾತೂರು ಪಟ್ಟಣಕ್ಕೆ ೨೦೧೬ರ ಏಪ್ರಿಲಿನಲ್ಲಿ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ಅಂತಹ ವರ್ಷ ಹೊಳೆಯಲ್ಲಿ ಉಳಿಯುವ ನಾಲ್ಕಾರು ಮಡುಗಳಲ್ಲಿ ಹತ್ತಾರು ಮೈಲಿಗಳ ಮೀನಿನ ಬೀಜವೆಲ್ಲ ಒಟ್ಟುಗೂಡಿರುತ್ತದೆ. ಆ ಮಡುವಿಗೆ ಬೀಳುವ ಒಂದು ಸಿಡಿಮದ್ದಿನಿಂದಲೋ ಒಂದು ಡಬ್ಬಿ ಕೀಟನಾಶಕದಿಂದಲೋ ಆಗುವ ನಷ್ಟವು ಒಂದು ಊರಿನದಲ್ಲ. ಮೇಲಣ ಕೆಳಗಣ ಊರುಗಳೆಲ್ಲವುಗಳದು. ಮಳೆ ಬಂದು ಹೊಳೆ ತುಂಬಿದರೂ ನೀರು ಬರುವುದೇ ಹೊರತು ಮೀನು ಬರುವುದಿಲ್ಲ. ಹೊಳೆಗೆ ಅಡ್ಡಲಾಗಿ ಬಾಂದಾರುಗಳಾಗಿರುವುದರಿಂದ ಕೆಳಗಿನ ಮೀನು ಮೇಲೇರಿ ಬರುವುದಕ್ಕೂ ತಡೆಯಾಗಿದೆ. ಹೀಗಿರುವಲ್ಲಿ ಪ್ರತಿ ಮಡುವನ್ನೂ ಪ್ರತ್ಯೇಕವಾದ ಕಣಜವೆಂದು ಕಾಪಾಡದೆ ಬೇರೆ ದಾರಿಯಿಲ್ಲ.

ಗ್ರಾಮದ ಮುಖಂಡರು ಮಾಡತಕ್ಕ ಕೆಲಸ

೧. ಊರ ಎಲ್ಲೆಯೊಳಗೆ ಬೇಸಗೆಯಲ್ಲಿಯೂ ಬತ್ತದ ಮಡುಗಳು ಎಷ್ಟೆಂಬುದನ್ನು ಗುರುತಿಸಿ, ಕಡೆಯಪಕ್ಷ ಒಂದನ್ನಾದರೂ ಬೀಜದ ಮಡುವೆಂದು ಗ್ರಾಮಸಭೆಯಲ್ಲಿ ಗೊತ್ತುಮಾಡಿ, ಮೀನುಗಾರಿಕೆ ಇಲಾಖೆಗೂ ಹೊಳೆಯ ಗುತ್ತಿಗೆದಾರರಿಗೂ ತಿಳಿಸಿ, ಅದರಲ್ಲಿ ಬಲೆ ಹಾಕದಂತೆ ಒಡಂಬಡಿಕೆ ಮಾಡಿಕೊಳ್ಳಬೇಕು. ಹೊಳೆಯಿಂದ ಜೀವನ ನಡೆಸುವ ಮೀನುಗಾರ ಕುಟುಂಬಗಳನ್ನು ಆ ಸಭೆಗೆ ಮೊದಲು ಕರೆಯತಕ್ಕದ್ದು. ಮಡುವಿನ ಮರ್ಮವನ್ನು ಅವರಷ್ಟು ಬಲ್ಲವರು ಬೇರೊಬ್ಬರಿಲ್ಲ.

೨. ಮುಂಗಾರಿನ ಮೊದಲ ಪ್ರವಾಹದಲ್ಲಿ ಮೊಟ್ಟೆಯಿಡುವುದಕ್ಕಾಗಿ ಹಳ್ಳಗಳಿಗೆ ಏರುವ ಮೀನನ್ನು ಅಡ್ಡಗಟ್ಟಿ ಹಿಡಿಯಬಾರದು. ಮೊಟ್ಟೆ ತುಂಬಿದ ಒಂದು ಮೀನು ಒಂದು ಮೂಟೆ ಬಿತ್ತನೆಯ ಬೀಜಕ್ಕೆ ಸಮಾನ.

೩. ಸೊಳ್ಳೆಪರದೆಯಂತಹ ಸಣ್ಣ ಕಣ್ಣಿನ ಬಲೆಯನ್ನು ಉಪಯೋಗಿಸುವುದು ಮರಿಗಳಿಗೆ ಮಾರಕ. ಅದನ್ನು ನಿಲ್ಲಿಸಬೇಕು.

೪. ತೊಗರಿ, ಸೋಯಾ ಅವರೆ, ಕಬ್ಬುಗಳಿಗೆ ಔಷಧ ಹೊಡೆದ ಮೇಲೆ ಸಿಂಪಡಿಸುವ ಯಂತ್ರವನ್ನಾಗಲಿ ಖಾಲಿ ಡಬ್ಬಿಯನ್ನಾಗಲಿ ಹೊಳೆಯಲ್ಲಿ, ಹಳ್ಳದಲ್ಲಿ ತೊಳೆಯತಕ್ಕದ್ದಲ್ಲ. ಪೈರಿತ್ರಾಯ್ಡ್ ಜಾತಿಯ ಔಷಧಗಳು ಮನುಷ್ಯರಿಗಿಂತ ಮೀನಿಗೆ ಅತ್ಯಂತ ಹೆಚ್ಚಿನ ವಿಷ. ಅತ್ಯಲ್ಪ ಪ್ರಮಾಣದಲ್ಲಿಯೂ ಅವು ಕೊಲ್ಲುವುವು.

೫. ಹೊಳೆಯ ದಡದಲ್ಲಿರುವ ಹೊಳೆಮತ್ತಿ, ಅತ್ತಿ, ನೇರಳೆ ಮರಗಳನ್ನು ಉಳಿಸಿ, ಇಲ್ಲದೆಡೆಯಲ್ಲಿ ನೆಡಬೇಕು. ದಡದ ಅಂಚಿನವರೆಗೂ ಉಳದೆ ಸ್ವಲ್ಪ ಹುಲ್ಲುಗಾವಲು ಬಿಟ್ಟರೆ ಕರಿಮಣ್ಣು ಕೊಚ್ಚಿಹೋಗಿ ಮಡು ತುಂಬುವುದು ತಪ್ಪುವುದು. ಜಮೀನುದಾರರ ಭೂಮಿಯೂ ಉಳಿಯುವುದು.

೬. ಮಡುವಿನ ಬಾಲದ ಮರಳನ್ನೂ ನೊರಜುಗಲ್ಲನ್ನೂ ತೋಡಿ ಸಾಗಿಸಲು ಅವಕಾಶ ಕೊಡಬಾರದು.

೭. ಮೀನುಗಾರಿಕೆ ಇಲಾಖೆಯವರ ಸಲಹೆಯಿಲ್ಲದೆ ಯಾವ ಹೊರಗಿನ ಮೀನನ್ನೂ ಹೊಳೆಗೆ ಬಿಡಬಾರದು. ಆಫ್ರಿಕಾದ ಕ್ಯಾಟ್‌ಫಿಶ್ ಎಂಬ ಮೀಸೆಮೀನಿನ ಸಾಕಣೆಯನ್ನು ಭಾರತ ಸರ್ಕಾರವು ೨೦೦೦ದಲ್ಲಿಯೇ ನಿಷೇಧಿಸಿದೆ. ಹೊಂಡದಲ್ಲಿ ಅದನ್ನು ಕದ್ದು ಸಾಕಿದರೆ ಪ್ರವಾಹದಲ್ಲಿ ಅದು ಹೊಳೆ ಸೇರಿ ಇದ್ದ ಮೀನುಗಳನ್ನೆಲ್ಲ ತಿನ್ನುವುದು.

೮. ಗಾಳ ಹಾಕುವವರು ಕಾಯಿದೆಯ ಪ್ರಕಾರ ಬೇಕಾದ ಪರವಾನಗಿ ಪಡೆದು, ಮೊಟ್ಟೆ ತುಂಬಿದ ಮೀನನ್ನೂ ಸಣ್ಣ ಮೀನನ್ನೂ ಬಿಡಬೇಕು. ಬಾಂದಾರಿನ ಬಾಗಿಲು ತೆರೆಯುವ ಕಾಲದಲ್ಲಿ ಅದರ ಕೆಳಗಿನ ಕಲ್ಲುಗಳ ಮೇಲೆ ನಿಲ್ಲುವುದು ಪ್ರಾಣಕ್ಕೆ ಅಪಾಯ.

೯. ಶಾಲೆಯ ಉಪಾಧ್ಯಾಯರ ಸಹಾಯದಿಂದ ಒಂದು ಪುಸ್ತಕವನ್ನಿಟ್ಟು, ಯಾವ ತಿಂಗಳಲ್ಲಿ ಯಾವ ಮೀನು ಎಷ್ಟು ತೂಕದ್ದು ಸಿಕ್ಕಿತು, ಮಡುವಿನ ನೀರು ಎಷ್ಟು ಮೊಳ ಇಳಿಯಿತು ಎಂಬುದನ್ನು ಬರೆಯಿಸಬೇಕು. ಗಾಳಿಬೋರೆಯ ಪುಸ್ತಕವನ್ನು ಬರೆದವರು ಶಾಸ್ತ್ರಜ್ಞರಲ್ಲ. ಆದರೂ ಶಾಸ್ತ್ರಜ್ಞರಿಗೆ ತಿಳಿಯದಿದ್ದ ಸಂಗತಿಯನ್ನು ಆ ಪುಸ್ತಕವೇ ಹೇಳಿತು. ಹೊಳೆಯಲ್ಲಿ ಮರಿಗಳು ಕಾಣುತ್ತಿಲ್ಲವೆಂಬುದು ಐದಾರು ವರ್ಷ ಮೊದಲೇ ಗೊತ್ತಾದರೆ ಪ್ರತೀಕಾರ ಸಾಧ್ಯ. ಮುದಿಮೀನೂ ಹೋದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಮೇಲೆ ಹೇಳಿದ ಕೆಲಸಗಳಲ್ಲಿ ಹಣದ ವೆಚ್ಚವಿರುವುದು ಬಹಳ ಕಡಮೆ. ಬೇಕಾದುದು ಊರಿನ ಒಗ್ಗಟ್ಟು ಮತ್ತು ಹಿರಿಯರ ಮಾತಿನ ಬೆಲೆ. ಗೂನುಬೆನ್ನಿನ ಬಿಳಿಮೀನಿಗೆ ಕಾವಲೂ ಕಾಯಿದೆಯೂ ಶಾಸ್ತ್ರವೂ ಎಲ್ಲವೂ ಒದಗಿದುವು, ಆದರೆ ತಡವಾಗಿ ಒದಗಿದುವು. ಮಾಂಜ್ರೆಯ ಮೀನುಗಳಿಗೆ ಆ ಕಾಲ ಇನ್ನೂ ಮೀರಿರುವುದಿಲ್ಲ. ಬರುವ ಬೇಸಗೆಗೆ ಮುಂಚೆ ಪ್ರತಿಯೊಂದು ಗ್ರಾಮದವರೂ ತಮ್ಮ ತಮ್ಮ ಮಡುವನ್ನು ಒಮ್ಮೆ ಹೋಗಿ ನೋಡಿ, ಅದರ ಕಾವಲಿಗೆ ಏರ್ಪಾಡು ಮಾಡುವರೆಂದು ನಂಬಿರುತ್ತೇವೆ.